ಬದಿ ಬದಲಿಸಿ ಕೇಳಿದ ಕಾಕಾ

ಕಾಕಾರ ಎರಡೂ ಕಿವಿಗಳ ಮೇಲೆ ಕೂದಲು ಸವೆದು, ನೊಗ ಹೊತ್ತ ಎತ್ತಿನ ಹೆಗಲಿನಂತೆ ನುಣ್ಣಗಾಗಿತ್ತು. ವರ್ಷಗಟ್ಟಲೆ ಹಡಗಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತದ್ದರ ಗುರುತು ಅದು. ಎಪ್ಪತ್ತರ ದಶಕದ ಕೊನೆಗೆ ನಿವೃತ್ತರಾಗಿ ಬೆಟಗೇರಿಯ ನಮ್ಮ ಓಣಿಗೆ ಬಂದ ಅವರನ್ನು ಎಲ್ಲರೂ ನೇವಿ ಕಾಕಾ ಎನ್ನುತ್ತಿದ್ದರು. ಸೋನಾರ್ ಎಂಬ ಯಂತ್ರದಿಂದ ನೀರೊಳಗೆ ಸದ್ದು ಬಿಟ್ಟು, ಮರಳಿ ಬರುವ ದನಿ ಕೇಳಿ, ಕೆಳಗೇನಿದೆಯೆಂದು ಹೇಳುವುದು ಅವರ ಕೆಲಸವಾಗಿತ್ತು.

ಅವರಿಗೊಂದು ವಿಚಿತ್ರ ಚಟ. ಯಾರನ್ನೇ ಆಗಲಿ, ಒಂದೇ ಸಂಗತಿಯನ್ನು ಮೂರು ಸಲ, ಬೇರೆ ಬೇರೆ ಬದಿಯಿಂದ ಕೇಳುವರು.

“ಸಮುದ್ರದ ನೀರು ಕಿವ್ಯಾಗ ಹೊಕ್ಕೈತೇನ್ರಿ ಕಾಕಾ?” ಎಂದು ನಾನೇ ಒಮ್ಮೆ ಕಟ್ಟೆಯ ಮೇಲೆ ಕೂತು ಚೇಷ್ಟೆ ಮಾಡಿದೆ.

ಅವರು ನಗಲಿಲ್ಲ. “ಆಳ ನೀರಾಗ ಕೂಗಿದ್ರ ಒಬ್ಬನೇ ಓ ಅಂತಾನಲೇ. ದಂಡಿ ಹತ್ರ ಕಡಿಮಿ ನೀರಾಗ ಹಂಗಲ್ಲ. ಈ ಓಣ್ಯಾಗ ಒಬ್ಬನ್ನ ಕರದ್ರ ಹತ್ತ ಮನಿ ಬಾಗಲಾ ತಗದಂಗ, ತಳಾ, ತೆರಿ ಎಲ್ಲಾ ಕೂಡಿ ಓ ಅಂತಾವ.”

ಅವರು ಹಡಗಿನಲ್ಲಿದ್ದಾಗ ಒಮ್ಮೆ ಬಂದರಿನ ಸಮೀಪ ಸಣ್ಣ ದೋಣಿಯೊಂದು ಮುಳುಗಿತ್ತಂತೆ. ಆ ಗದ್ದಲದ ನಡುವೆ ಇವರಿಗೆ ಒಂದು ತೆಳು ಮರುದನಿ ಕೇಳಿತ್ತು. ಎರಡು ಸಲ ಕೇಳಿ, ತಳದ್ದೇ ಸದ್ದು ಎಂದುಬಿಟ್ಟರು. ಹಡಗು ಬೇರೆ ಕಡೆ ಹುಡುಕಲು ಹೋಯಿತು. ಮರುದಿನ ದೋಣಿ ಸಿಕ್ಕಿದ್ದು ಅಲ್ಲಿಯೇ. ಒಳಗೆ ಮೂವರಿದ್ದರು, ಯಾರಲ್ಲೂ ಉಸಿರಿರಲಿಲ್ಲ.

“ಜಾಗಾ ಬದಲಿಸಿ ಮತ್ತ ಕೇಳಬೇಕಿತ್ತು. ತಳದ ಗದ್ಲ ಸಲಕ್ಕೊಂದು ನಮೂನಿ. ಖರೆ ಇದ್ದದ್ದು ಯಾವ ಬದಿಯಿಂದ ಕೇಳಿದ್ರೂ ಅಲ್ಲೇ ಇರತೈತಿ.” ಆಮೇಲೆ ಕೆಲಸಕ್ಕೆ ಬಂದ ಹೊಸಬರಿಗೆಲ್ಲ ಹಾಗೆಯೇ ಕೇಳಲು ಕಲಿಸಿದರಂತೆ.

ಮುಂದಿನ ವರ್ಷ ನನ್ನ ಹೆಂಡತಿ ತೀರಿಕೊಂಡಳು. ನನ್ನ ಮಗ್ಗ ನಿಂತಿತು. ಒಂದು ಮಧ್ಯಾಹ್ನ ಕಾಕಾ ಬಂದರು.

“ಉಂಡಿಯೇನಲೇ?”

“ಉಂಡೇನ್ರಿ.”

ಅಡುಗೆಮನೆಯತ್ತ ಹೋಗಿ ಬಂದರು. “ಏನ್ ಮಾಡಿದ್ದಿ?”

“ರೊಟ್ಟಿರಿ.”

ಕಾಲಿಳಿಬಿಟ್ಟು ನೇಯುವ ಮಗ್ಗದ ಕುಣಿಯ ಅಂಚಿಗೆ, ನನ್ನೆದುರು ಕೂತರು. “ಒಲ್ಯಾಗ ಬೂದಿ ಸೈತ ತಣ್ಣಗೈತಿ. ಎಷ್ಟು ದಿನಾ ಆತು?”

ಮೂರು ದಿನವಾಗಿತ್ತು. ಆ ಸಂಜೆ ಊರಾಚೆಯ ಬಾವಿಗೆ ಹೋಗುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಅದನ್ನೂ ಹೇಳಿಬಿಟ್ಟೆ. ಅವರು ಬುದ್ಧಿ ಹೇಳಲಿಲ್ಲ. ತಮ್ಮ ಮನೆಯಿಂದ ಬುತ್ತಿ ತರಿಸಿದರು, ನಾನು ಉಣ್ಣುವವರೆಗೂ ಮೇಲೇಳಲಿಲ್ಲ. ತಿಂಗಳುಗಟ್ಟಲೆ ಹಾಗೇ ಬಂದರು.

ಕೆಲವು ವರ್ಷಗಳ ಮೇಲೆ ಕಾಕಾ ಹಾಸಿಗೆ ಹಿಡಿದರು. ಶಿಗ್ಲಿಗೆ ಸೀರೆ ಒಯ್ಯಲು ಹೊರಟವನು, ಬಸ್ಸಿನ ಅವಸರದಲ್ಲಿ ಬಾಗಿಲಲ್ಲಿ ನಿಂತೇ ಕೂಗಿದೆ: “ಹೆಂಗದೀರಿ ಕಾಕಾ?”

“ಆರಾಮ ಅದೇನಿ. ನೀ ಹೋಗಿ ಬಾ.”

ನಂಬಿ ಹೋದೆ. ಮರುದಿನ ಮರಳಿದಾಗ ಓಣಿಯವರೆಲ್ಲ ಅವರ ಅಂಗಳದಲ್ಲಿ ನೆರೆದಿದ್ದರು.

ಒಂದೇ ಸಲ ಕೇಳಿದ್ದೆ. ಹೊಸ್ತಿಲು ಸಹ ದಾಟಿರಲಿಲ್ಲ.