ಒಂದು ವಂದನಾರ್ಪಣೆಯ ಕೇಡು

ಯಾವ ಸಮಾರಂಭದಲ್ಲಾದರೂ ನೋಡಿ, ವಂದನಾರ್ಪಣೆ ಎಂದರೆ ಜನ ತಮ್ಮ ಚಪ್ಪಲಿ ಹುಡುಕುವ ಹೊತ್ತು. ಸ್ವಾಗತ ಭಾಷಣಕ್ಕೆ ನೆಟ್ಟಗೆ ಕೂತಿದ್ದವರು, ಅಧ್ಯಕ್ಷರ ನುಡಿಗೆ ಆಕಳಿಸಿದವರು, ಉಪ್ಪಿಟ್ಟಿನ ವಾಸನೆ ಬಂದೊಡನೆ ಎದ್ದೇ ಬಿಡುತ್ತಾರೆ. ಶಾಮಿಯಾನ ಕಟ್ಟಿದವನಿಂದ ಹಿಡಿದು ಮೈಕಿನವನವರೆಗೆ ಒಬ್ಬೊಬ್ಬರ ಹೆಸರನ್ನೂ ಹೇಳುತ್ತ ನಿಂತ ಆ ಬಡಪಾಯಿಯ ಮಾತು ಯಾರ ಕಿವಿಗೂ ಬೀಳದೆ ಗಾಳಿಗೆ ಹೋಗುತ್ತದೆ. ಲೋಕದಲ್ಲಿ ಯಾರಿಗೂ ಕೇಡು ಮಾಡದ ಭಾಷಣ ಇದೊಂದೇ ಎಂದು ನೀವು ಅಂದುಕೊಂಡಿರಬಹುದು, ನಾನೂ ಅಂದುಕೊಂಡಿದ್ದೆ. ಮೇಷ್ಟರಾಗಿ ಇಷ್ಟು ಕಾಲ ಕಳೆದ ಮೇಲೂ ವಂದನಾರ್ಪಣೆ ನನ್ನ ಪಾಲಿಗೆ ಬಂದರೆ ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ ಜಾರಿಕೊಳ್ಳುತ್ತೇನೆ. ಜೊತೆಯವರು ಅದನ್ನು ಜಂಬ ಎಂದು ತಿಳಿದಿದ್ದಾರೆ. ನಿಮ್ಮ ಮುಂದೆ ಸುಳ್ಳೇಕೆ, ಅದು ಹೆದರಿಕೆ.

ಹಳ್ಳಿಮೈಸೂರಿನ ದಾರಿಯಲ್ಲಿ ನಮ್ಮ ಊರು. ಊರು ಎಂದರೆ ಊರಲ್ಲ, ಊರಾಚೆಯ ಕೇರಿ. ಅಲ್ಲಿಂದ ಹೊಳೆನರಸೀಪುರದ ಹೈಸ್ಕೂಲಿಗೆ ದಿನವೂ ನಡೆದು ಬರುತ್ತಿದ್ದೆ. ಐವತ್ತರ ದಶಕದ ಮಾತು ಇದು. ಅವ್ವ ಇದ್ದಷ್ಟು ದಿನ ಬಟ್ಟೆಯಲ್ಲಿ ಸುತ್ತಿದ ಒಂದು ರೊಟ್ಟಿ ಚೀಲದಲ್ಲಿ ಇರುತ್ತಿತ್ತು. ಅವಳು ಹೋದ ಮೇಲೆ ಅಪ್ಪ ನಸುಕಿಗೇ ಕೂಲಿಗೆ ಹೊರಡುವವನು, ಒಲೆ ಹೊತ್ತುವುದೇ ಸಂಜೆಗೆ. ಮಧ್ಯಾಹ್ನದ ಗಂಟೆ ಹೊಡೆದಾಗ ಹುಡುಗರೆಲ್ಲ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿದರೆ, ನಾನು ಸ್ಕೂಲಿನ ಹಿಂದಿನ ಗೋಡೆಯ ನೆರಳಿಗೆ ಹೋಗಿ ದೊಡ್ಡ ಓದುಗಾರನ ಹಾಗೆ ಪುಸ್ತಕ ತೆರೆದು ಕೂರುತ್ತಿದ್ದೆ. ಹಸಿದವನಿಗೆ ಅಭಿಮಾನ ಸ್ವಲ್ಪ ಹೆಚ್ಚೇ ಇರುತ್ತದೆ.

ಆ ಗೋಡೆಯ ಎದುರಿಗೆ ಒಂದು ದೊಡ್ಡ ಮನೆಯ ಹಿತ್ತಿಲ ಬಾಗಿಲು. ಪೇಟೆಯಲ್ಲಿ ಮಂಡಿ ಇಟ್ಟಿದ್ದ, ಪೂಜೆಯಾಗದೆ ನೀರು ಮುಟ್ಟದ ಯಜಮಾನರ ಮನೆ ಅದು. ಅವರ ಸೊಸೆ ಗೌರಕ್ಕ, ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳಿದ್ದಾಳು. ಒಂದು ದಿನ ಮುಸುರೆ ಚೆಲ್ಲಲು ಬಂದವಳು ನಿಂತು ಕೇಳಿದಳು.

“ಯಾಕ್ಲಾ ಮಗ, ದಿನಾ ಇಲ್ಲೇ ಕೂತಿರ್ತೀಯ? ಉಂಡ್ಯಾ?”

“ಅಸಿವಿಲ್ಲ ಅವ್ವಾರೆ.”

“ಮೊಕ ನೋಡುದ್ರೆ ಗೊತ್ತಾಗಕಿಲ್ವಾ? ಬಾ ಒಳೀಕೆ.”

“ನಾನು ಕೇರಿಯೋನು ಅವ್ವಾರೆ.”

“ಅದು ಗೊತ್ತು ಕಣ. ನಾನ್ ಕೇಳಿದ್ದು ಉಂಡ್ಯಾ ಅಂತ.”

ಅವತ್ತಿನಿಂದ ಎರಡು ವರ್ಷ, ಸ್ಕೂಲಿದ್ದ ದಿನವೆಲ್ಲ, ಆ ಮನೆಯ ಹಿಂಜಗಲಿಯಲ್ಲಿ ಒರಳುಕಲ್ಲಿನ ಪಕ್ಕ ಕೂತು ಉಂಡೆ. ಆ ಹೊತ್ತಿನಲ್ಲಿ ಗಂಡಸರೆಲ್ಲ ಮಂಡಿಯಲ್ಲಿ, ಅತ್ತೆ ಉಂಡು ಮಲಗಿರುವಳು. ಮುದ್ದೆ, ಉಪ್ಸಾರು, ಹುಚ್ಚೆಳ್ಳಿನ ಚಟ್ನಿ. ಎಲೆಯಲ್ಲಿ ಅಲ್ಲ, ದೂರದಿಂದ ಎಸೆದದ್ದೂ ಅಲ್ಲ. ಮನೆಯವರು ಉಣ್ಣುವ ಹಿತ್ತಾಳೆ ತಣಿಗೆಯಲ್ಲಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು ಬಡಿಸುತ್ತಿದ್ದಳು. ಅವಳ ಮಗಳು ವಿಶಾಲಾಕ್ಷಿಗೆ ಆಗ ಎರಡೋ ಮೂರೋ ವರ್ಷ. ಆ ಮಗು ನನ್ನ ತಣಿಗೆಗೇ ಕೈಹಾಕಿ ಮುದ್ದೆ ಮುರಿದುಕೊಂಡು ತಿನ್ನುತ್ತಿತ್ತು, ಗೌರಕ್ಕ ನಗುತ್ತಿದ್ದಳು. ಯಾರಿಗೂ ಹೇಳಬೇಡ ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಮುಂದಿನ ಬಾಗಿಲಿಂದ ಯಾಕೆ ಕರೆಯುವುದಿಲ್ಲ ಎಂದು ನಾನಾದರೂ ಯೋಚಿಸಬೇಕಿತ್ತು. ಕ್ಲಾಸಿಗೇ ಮೊದಲಿಗನಾಗಿದ್ದ ನನಗೆ ಇಷ್ಟು ಸಣ್ಣ ಲೆಕ್ಕ ತಿಳಿಯಲಿಲ್ಲ.

ಎಸ್ಸೆಸ್ಸೆಲ್ಸಿಯವರನ್ನು ಕಳಿಸಿಕೊಡುವ ಸಮಾರಂಭ ಬಂತು. ವಿದ್ಯಾರ್ಥಿಗಳ ಪರವಾಗಿ ವಂದಿಸುವ ಕೆಲಸವನ್ನು ಹೆಡ್ಮೇಷ್ಟ್ರು ನನಗೇ ವಹಿಸಿದರು. ಬರೆದುಕೊಂಡು ಹೋಗಿದ್ದೆ, ಕನ್ನಡ ಪಂಡಿತರು ತಿದ್ದಿಯೂ ಕೊಟ್ಟಿದ್ದರು. ಗುರುಗಳು ನಮ್ಮ ಅಜ್ಞಾನವನ್ನು ಕಳೆದರು, ಈ ವಿದ್ಯಾಮಂದಿರ ನಮ್ಮನ್ನು ಮನುಷ್ಯರನ್ನಾಗಿ ಮಾಡಿತು ಎಂಬಂಥ, ಎಲ್ಲ ಸ್ಕೂಲುಗಳಲ್ಲೂ ಎಲ್ಲ ಹುಡುಗರೂ ಹೇಳುವ ಮಾತುಗಳು. ಅಷ್ಟನ್ನು ಓದಿ ಇಳಿದಿದ್ದರೆ ಇವತ್ತು ಈ ಪ್ರಬಂಧವೂ ಇರುತ್ತಿರಲಿಲ್ಲ.

ಆದರೆ ಅವತ್ತಿನ ಮುಖ್ಯ ಅತಿಥಿ ಆ ಮನೆಯ ಯಜಮಾನರೇ. ಖಾದಿ ಟೋಪಿ, ಹಣೆಯ ತುಂಬ ವಿಭೂತಿ, ಒಳ್ಳೆಯ ಕಂಠ. ಅಸ್ಪೃಶ್ಯತೆ ನಮ್ಮ ಹಣೆಗೆ ಹತ್ತಿದ ಮಸಿ, ಅದನ್ನು ಒರೆಸುವ ಕೆಲಸ ನಮ್ಮ ನಮ್ಮ ಮನೆಯ ಅಡುಗೆಮನೆಯಿಂದಲೇ ಶುರುವಾಗಬೇಕು ಎಂದರು. ನನ್ನ ಮೈ ಜುಮ್ಮೆಂದಿತು. ಅವರ ಅಡುಗೆಮನೆಯಲ್ಲಿ ಅದು ಆಗಲೇ ಶುರುವಾಗಿದೆ, ಪಾಪ ಅವರಿಗೆ ಗೊತ್ತಿಲ್ಲ! ಹೇಳಿದರೆ ಎಷ್ಟು ಹಿಗ್ಗುತ್ತಾರೆ, ಸೊಸೆಯನ್ನು ಎಷ್ಟು ಮೆಚ್ಚುತ್ತಾರೆ ಎಂದುಕೊಂಡೆ. ವೇದಿಕೆಯ ಮಾತನ್ನು ನಿಜವೆಂದು ನಂಬುವುದಕ್ಕೆ ಒಂದು ವಯಸ್ಸಿದೆ, ನನಗೆ ಆಗ ಅದೇ ವಯಸ್ಸು.

ಕೈಯಲ್ಲಿದ್ದ ಹಾಳೆಯನ್ನು ಮಡಿಚಿಟ್ಟೆ. ಎರಡು ವರ್ಷ ಈ ಮಹನೀಯರ ಮನೆಯ ಅನ್ನ ಉಂಡು ಓದಿದೆ ಎಂದೆ. ಮನೆಯವರದೇ ತಣಿಗೆಯಲ್ಲಿ ಉಂಡೆ ಎಂದೆ. ಅವರ ಸೊಸೆ, ತಾಯಿ ಗೌರಮ್ಮನವರು, ಎಂದು ಹೆಸರು ಹಿಡಿದೇ ಹೇಳಿದೆ. ಸಾಲದ್ದಕ್ಕೆ ಅವರ ಮೊಮ್ಮಗಳು ನನ್ನ ತಣಿಗೆಯಿಂದಲೇ ತುತ್ತು ತೆಗೆದು ತಿಂದಳು ಎಂದೂ ಹೇಳಿದೆ. ಚಪ್ಪಲಿ ಹುಡುಕುತ್ತಿದ್ದವರು ನಿಂತರು. ಹೆಡ್ಮೇಷ್ಟ್ರು ಚಪ್ಪಾಳೆ ತಟ್ಟಿದರು, ಸಭೆಯೂ ತಟ್ಟಿತು. ಯಜಮಾನರು ನಗುನಗುತ್ತಲೇ ಕೈಮುಗಿದರು. ನಾನು ಅಷ್ಟು ಸಂತೋಷವಾಗಿ ಬದುಕಿನಲ್ಲಿ ಮತ್ತೆಂದೂ ಮನೆಗೆ ನಡೆದುಹೋದದ್ದಿಲ್ಲ.

ಮಾರನೆಯ ದಿನ ಹಿತ್ತಿಲ ಬಾಗಿಲು ಮುಚ್ಚಿತ್ತು. ಒಳಗೆ ಕೊಡಗಟ್ಟಲೆ ನೀರು ಸುರಿಯುವ ಸದ್ದು, ಪಾತ್ರೆಗಳನ್ನು ರಾಶಿ ಹಾಕಿ ಹುಣಿಸೆಹಣ್ಣಿನಲ್ಲಿ ಉಜ್ಜುವ ಸದ್ದು. ಸ್ಕೂಲಿನ ಜವಾನ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ.

“ಏನ್ ಮಾಡ್ಬುಟ್ಟೆ ಕಣ್ಲಾ! ಆ ಯಮ್ಮನ್ನ ಬೆಳಿಗ್ಗೇನೆ ಬಸ್ಸು ಅತ್ತಿಸ್ಬುಟ್ರು. ಗಂಡಾನೆ ತವರಿಗೆ ಬುಡಾಕೆ ಕರ್ಕಂಡೋದ. ಮಗೀನ ಮಾತ್ರ ಇಲ್ಲೇ ಮಡಿಕಂಡವ್ರೆ.”

ಮಗುವನ್ನು ಶುದ್ಧಿ ಮಾಡಿಸಿ ಇಟ್ಟುಕೊಂಡರು. ತಾಯಿ ಶುದ್ಧಿಗೂ ನಿಲುಕದವಳಾದಳು. ನಾನು ಪರೀಕ್ಷೆ ಬರೆದೆ, ಪಾಸಾದೆ, ಹಾಸನದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಿದೆ. ಗೌರಕ್ಕನ ತವರು ಹಿರೀಸಾವೆ, ಅಲ್ಲಿ ರಸ್ತೆ ಬದಿಯಲ್ಲಿ ಅವಳಣ್ಣನ ಹೋಟೆಲು ಎಂಬುದು ಗೊತ್ತಿತ್ತು. ಬಿ.ಎಡ್.ಗೆಂದು ಬೆಂಗಳೂರಿಗೆ ಓಡಾಡುವಾಗ ಬಸ್ಸು ಕಾಫಿಗೆ ಅಲ್ಲಿಯೇ ನಿಲ್ಲುತ್ತಿತ್ತು. ಎಲ್ಲರೂ ಇಳಿದರೂ ನಾನು ಮುಖದ ಮೇಲೆ ಟವೆಲು ಹಾಕಿಕೊಂಡು ನಿದ್ದೆ ನಟಿಸುತ್ತಿದ್ದೆ. ಎಂಥ ಹೇಡಿ ಎಂದು ನೀವು ಬೈದರೆ ನನಗೆ ಬೇಸರವಿಲ್ಲ.

ಕೃತಜ್ಞತೆಯನ್ನು ನಾವು ದೊಡ್ಡ ಗುಣವೆಂದು ಹೊಗಳುತ್ತೇವೆ. ಅದರ ಒಳಗೆ ಕೈಯಾಡಿಸಿ ನೋಡಿದ್ದೀರಾ? ಅವತ್ತು ನಾನು ಬಾಯಿ ಬಿಟ್ಟದ್ದು ಗೌರಕ್ಕನಿಗಾಗಿಯೋ, ಉಪಕಾರ ನೆನೆಯುವ ಒಳ್ಳೆಯ ಹುಡುಗ ಎನ್ನಿಸಿಕೊಳ್ಳುವುದಕ್ಕಾಗಿಯೋ? ಅವಳನ್ನೇ ಕೇಳಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೊಟ್ಟವಳು ಬಾಗಿಲ ಹಿಂದೆ ನಿಂತು ಕೊಟ್ಟಳು, ಪಡೆದವನಿಗೆ ಮೈಕು ಬೇಕಾಯಿತು.

ಅರವತ್ತರ ದಶಕದ ನಡುವಿಗೆ ನಾನು ಅದೇ ಹೈಸ್ಕೂಲಿಗೆ ಮೇಷ್ಟರಾಗಿ ಬಂದೆ. ಮೊದಲ ದಿನ ಹಾಜರಿ ಕರೆಯುವಾಗ ವಿಶಾಲಾಕ್ಷಿ ಎಂಬ ಹೆಸರು ಬಂತು. ಹುಡುಗಿಯರ ಬೆಂಚಿನಿಂದ “ಪ್ರೆಸೆಂಟ್ ಸಾ” ಎಂದದ್ದು ಗೌರಕ್ಕನ ದನಿಯೇ. ನನ್ನ ಕೈಯ ಪೆನ್ನು ಮುಂದಿನ ಹೆಸರಿಗೆ ಹೋಗಲಿಲ್ಲ. ಅವಳಿಗೆ ನನ್ನ ನೆನಪು ಇರಲಿಲ್ಲ. ಎರಡು ವರ್ಷ ಅವಳಿಗೆ ಪಾಠ ಹೇಳಿದೆ. ಸ್ಕೂಲು ಬಿಟ್ಟ ಮೇಲೂ ಅರ್ಧ ಗಂಟೆ ಕೂರಿಸಿ ಗಣಿತ ತಿದ್ದಿದೆ. ಸಾಲ ತೀರಿಸುತ್ತಿದ್ದೇನೆ ಎಂಬ ಭ್ರಮೆ ನನಗೂ ಸ್ವಲ್ಪ ಇತ್ತು.

ಅವಳ ಬ್ಯಾಚಿನ ಸಮಾರಂಭದಲ್ಲಿ ವಂದಿಸಿದವಳು ಅವಳೇ. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ ಯಜಮಾನರ ಕಡೆ ತಿರುಗಿ, “ಹುಟ್ಟಿ ನಾಲ್ಕೇ ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ನನ್ನನ್ನು ತಾಯಿಯ ಕೊರತೆ ಕಾಣದಂತೆ ಸಾಕಿದ ತಾತನವರಿಗೆ ನನ್ನ ಮೊದಲ ವಂದನೆ” ಎಂದಳು. ಸಭೆ ಕಣ್ಣೊರೆಸಿಕೊಂಡಿತು. ಗೌರಕ್ಕ ಸತ್ತಳೆಂದು ಮಗುವಿಗೆ ಹೇಳಿ ಬೆಳೆಸಿದ್ದರು. ವೇದಿಕೆಯ ಮೇಲಿದ್ದ ನಾನೂ ಚಪ್ಪಾಳೆ ತಟ್ಟಿದೆ, ತಟ್ಟದಿದ್ದರೆ ಯಾರಾದರೂ ನೋಡುತ್ತಾರೆಂದು.

ಆ ಭಾನುವಾರ ಹಿರೀಸಾವೆಯಲ್ಲಿ ಬಸ್ಸು ಇಳಿದೆ. ಹೋಟೆಲಿನ ಹಿಂದೆ ಗೌರಕ್ಕ ರುಬ್ಬುತ್ತ ಕೂತಿದ್ದಳು. ಕೂದಲು ಅರ್ಧ ನೆರೆತಿತ್ತು. ನೋಡಿದೊಡನೆ ಗುರುತು ಹಿಡಿದು, “ಮೇಷ್ಟ್ರಾಗಿದ್ದೀಯಂತೆ, ಕೂತ್ಕೊ” ಎಂದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಹುಡುಗಿಗೆ ನಿಜ ತಿಳಿಸುತ್ತೇನೆ, ಅಪ್ಪಣೆ ಕೊಡಿ ಎಂದೆ.

“ಬ್ಯಾಡ. ಒಂದ್ಸಲ ನೀನು ನಿಜ ಯೋಳಿದ್ದೇ ಸಾಕು ಕಣಪ್ಪ.” ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಈಗ ಅವಳು ನನ್ನ ಉಡುಕ್ಕಂಡು ಒಂಟ್ರೆ ಕಾಲೇಜ್ಗೆ ಕಳುಸ್ತಾರಾ? ಅವಳವ್ವ ಸತ್ತೇ ಇರ್ಲಿ.” ಸ್ವಲ್ಪ ಹೊತ್ತು ರುಬ್ಬಿ ಕೇಳಿದಳು: “ಅಷ್ಟು ಜನರ ಮುಂದೆ ಮಾತಾಡುವಾಗ ನನ್ ಮಗ್ಳು ಎದರ್ಲಿಲ್ವಾ?”

“ಹೆದರಲಿಲ್ಲ ಅಕ್ಕಾ.”

“ಅಂಗಾರೆ ಸರಿ” ಎಂದಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನು ಹಾಗೆಯೇ ವಾಪಸು ತಂದೆ.

ಕೊನೆಯ ಪರೀಕ್ಷೆ ಮುಗಿದ ಸಂಜೆ, ಸೈಕಲ್ ನಿಲ್ಲಿಸುವ ಕಡೆ ನಾನೊಬ್ಬನೇ ಇದ್ದಾಗ ವಿಶಾಲಾಕ್ಷಿ ಬಂದಳು. ಅತ್ತ ಇತ್ತ ನೋಡಿದಳು. ನಾನು ಬೇಡ ಎನ್ನುವಷ್ಟರಲ್ಲಿ ಬಗ್ಗಿ ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ ಸಾ. ನಿಮ್ಮ ಕಾಲು ಮುಟ್ಟಿದ್ದು ತಾತಂಗೆ ಗೊತ್ತಾದ್ರೆ ಮನೆಗೇ ಸೇರಿಸಲ್ಲ. ದಯವಿಟ್ಟು ಯಾರಿಗೂ ಹೇಳ್ಬೇಡಿ.”

ಅವಳ ತಲೆಯ ಮೇಲೆ ಕೈಯಿಟ್ಟೆ. ತಾಯಿ ಬದುಕಿದ್ದಾಳೆ, ಒಂದು ಬಸ್ಸು ಹತ್ತಿದರೆ ಸಿಗುತ್ತಾಳೆ, ಅವಳನ್ನು ನಿನ್ನಿಂದ ಕಿತ್ತವನು ನಾನೇ ಎಂಬುದೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು.

“ಹೇಳಲ್ಲಮ್ಮ” ಎಂದೆ. ಹೇಳಲಿಲ್ಲ.