ಗುರುತು ಉಳಿಯದ ಹೊಲಿಗೆ

ಮಗಳಿಗೆ ಎರಡು ತುಂಬಿದಾಗಿನಿಂದ ರಫೂ ಅಕ್ಕನ ತಲೆಯಲ್ಲಿ ಒಂದೇ ಹುಳು ಕೊರೆಯುತ್ತಿತ್ತು: ನಾಳೆ ಇವಳಿಗೇನಾದರೂ ಆದರೆ, ಪಕ್ಕದಲ್ಲಿ ನನ್ನಂಥವಳೇ ಕೂತಿದ್ದರೆ?

ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಅವಳದು ರಫೂ, ಅಂದರೆ ಹರಿದದ್ದನ್ನು ಕೂಡಿಸುವ ಕೆಲಸ. ಅದೇ ಬಟ್ಟೆಯ ಒಳಅಂಚಿನಿಂದ ಎಳೆ ಕಿತ್ತು ನೇಯ್ದಳೆಂದರೆ ಬೆಳಕಿಗೆ ಹಿಡಿದರೂ ಗುರುತು ಸಿಗದು. ಮಗಳು ಹುಟ್ಟುವ ಮುಂಚೆ ಎದುರಿನ ಇಸ್ತ್ರಿ ಮೇಜಿನಲ್ಲಿ ಗಿಳಿ ಇದ್ದಳು, ಇಪ್ಪತ್ತರ ಹುಡುಗಿ. ಬಾಯಿಗೆ ಬಿಡುವಿಲ್ಲವೆಂದೇ ಆ ಹೆಸರು. "ಭಾವನ ಬಾಯಿಗೂ ಒಂದು ಹೊಲಿಗೆ ಹಾಕಕ್ಕಾ, ಗೊರಕೆ ನಿಲ್ಲುತ್ತೆ" ಅನ್ನುವಳು. ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಇಬ್ಬರ ಚಹಾ.

ಒಂದು ಮಧ್ಯಾಹ್ನ ಉಗ್ರಾಣದ ಬಾಗಿಲು ಹಾಕಿಕೊಂಡು ಮೇಲ್ವಿಚಾರಕ ಗಿಳಿಯ ಮೇಲೆರಗಿದ. ಹೊರಬಂದಾಗ ಅವಳ ಅಂಗಿಯ ತೋಳು ಭುಜದಿಂದಲೇ ಸೀಳಿಹೋಗಿತ್ತು. ಗಾಬರಿಯಲ್ಲಿ ಅಕ್ಕ ತನಗೆ ಬರುವುದನ್ನೇ ಮಾಡಿದಳು: ಅಂಗಿ ಒಗೆದು, ತೋಳು ಹೊಲಿದುಕೊಟ್ಟಳು.

ಮರುದಿನ ಗಿಳಿ ದೂರು ಕೊಟ್ಟಳು. ಮ್ಯಾನೇಜರು ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಮ್ಮಾ ಹರಿದಿರೋದು?" ಅಂದ.

"ನಮಗ್ಯಾಕೆ ಇಲ್ಲದ ಉಸಾಬರಿ" ಎಂದು ಬಟ್ಟೆ ಮಡಿಚುವ ಹೆಂಗಸರು ಮಡಿಚುತ್ತಲೇ ಇದ್ದರು. ಗಿಳಿ ಅಕ್ಕನ ಕಡೆ ನೋಡಿದಳು. ಅಕ್ಕ ಆಗ ಏಳು ತಿಂಗಳ ಬಸುರಿ. ಕೆಲಸ ಹೋದೀತೆಂಬ ದಿಗಿಲು. ಸೂಜಿಗೆ ದಾರ ಪೋಣಿಸುವವಳಂತೆ ಕಣ್ಣು ಕಿರಿದು ಮಾಡಿ ಕೂತುಬಿಟ್ಟಳು.

ಗಿಳಿ ಮತ್ತೆ ಬರಲಿಲ್ಲ. ಇಂದಿಗೂ ಅಕ್ಕ ಅರ್ಧ ಚಹಾ ಕುಡಿದು ಮುಚ್ಚಳವನ್ನು ಮುಂದಕ್ಕೆ ಚಾಚಿಬಿಡುತ್ತಾಳೆ. ತೆಗೆದುಕೊಳ್ಳುವ ಕೈಯಿಲ್ಲ. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿ, ಆರಿದ್ದನ್ನೇ ಕುಡಿಯುತ್ತಾಳೆ. ತನ್ನನ್ನು ಎಷ್ಟು ಬೈದರೂ ಸರಿ, ಆ ಮಾತಿನ ಮಲ್ಲಿ ಒಮ್ಮೆ ಎದುರಿಗೆ ನಿಂತರೆ ಸಾಕು ಅನ್ನಿಸುತ್ತದೆ.

ಇವತ್ತು ಹೊಸ ಇಸ್ತ್ರಿ ಹುಡುಗಿ ಹರಿದ ಕಾಲರನ್ನು ಮುಷ್ಟಿಯಲ್ಲಿ ಹಿಡಿದು ಬಂದಳು. "ಅಕ್ಕಾ, ಉಗ್ರಾಣದಲ್ಲಿ ಆ ಮನುಷ್ಯ... ಹೇಗೋ ಕೊಸರಿಕೊಂಡು ಬಂದೆ. ಯಾರಿಗೂ ಗೊತ್ತಾಗದ ಹಾಗೆ ಹೊಲಿದುಕೊಡಿ."

"ಹೊಲಿಯಲ್ಲ ಕಣಮ್ಮಾ. ಒಗೀಲೂ ಬೇಡ, ಹಾಗೇ ಇಟ್ಕೋ. ನಿಂಗೆ ಹೇಳ್ಬೇಕು ಅನ್ಸಿದಾಗ ನಾನೂ ಜೊತೆಗೆ ಬರ್ತೀನಿ."

ಅವಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಅಕ್ಕ ಮೆಟ್ಟಿಲಿನ ಹತ್ತಿರ ಹೋದಳು. ಅಳಿಸದೆ ಉಳಿಸಿಕೊಂಡಿದ್ದ ನಂಬರು ಒತ್ತಿದಳು.

"ಹಲೋ." ಅಷ್ಟೇ, ಗಿಳಿಯದೇ ದನಿ, ಬತ್ತಿ ಹೋದಂತಿತ್ತು.

"ನಾನು ಕಣೆ. ಹರಿದಿದ್ದ ನಿನ್ನ ಅಂಗಿ ತೋಳು ಹೊಲಿದಿದ್ದು ನಾನು ಅಂತ ಬರೆದುಕೊಡೋಕೆ ಹೊರಟಿದ್ದೀನಿ. ನಿನ್ನ ಕೇಳದೆ ಕೊಡಬಾರದು ಅನ್ನಿಸ್ತು."

"ಇಷ್ಟು ದಿನ ಬೇಕಾಯ್ತಾ ಅಕ್ಕಾ?"

"ಹೂಂ ಕಣೆ," ಅಂದಳು. "ಬೇಕಾಯ್ತು."