ಕೊನೆಯವರು ಅಳಿಸುವ ಸಾಲು

ಒದ್ದೆ ಬಟ್ಟೆಗೆ ಸೀಮೆಸುಣ್ಣ ಹತ್ತಿದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಣ್ಣು ಬೋರ್ಡಿನ ಎಡ ಮೂಲೆಗೆ ಹೋಗುತ್ತದೆ. ಇವತ್ತು ತರಗತಿಯಲ್ಲಿ ಮತ್ತೆ ಹಾಗೇ ಆಯಿತು. ನಮ್ಮ ಗಣಿತದ ಮೇಡಂ ನೆನಪಾದರು...

ಹೊಂಗನೂರಿನ ಆಚೆಯ ಸಣ್ಣ ಶಾಲೆಯೊಂದಕ್ಕೆ ನಾನು ಅತಿಥಿ ಶಿಕ್ಷಕಿಯಾಗಿ ಸೇರಿದಾಗ ಅಲ್ಲಿ ಗಣಿತ ಕಲಿಸುತ್ತಿದ್ದ ಅವರು ನಿವೃತ್ತಿಯ ಹತ್ತಿರವಿದ್ದರು. ನಾಳೆ ಏನು ಪಾಠ ಎಂದು ಕೇಳಿದರು. ದಶಮಾಂಶ ಎಂದೆ.

"ಅದು ನೀನ್ ಮಾಡೋದು ಕಣಮ್ಮ. ಗಂಟೆ ಹೊಡ್ದಾಗ ಮಕ್ಳಿಗೆ ಏನ್ ಮಾಡಕ್ಕೆ ಬಂದಿರ್ತದೆ, ಅದ್ನ ಹೇಳು."

ಅವರು ಆ ಪ್ರಶ್ನೆಯ ಉತ್ತರವನ್ನು ಮೊದಲು ಬರೆದು, ಆಮೇಲೆ ಪಾಠ ಕಟ್ಟುತ್ತಿದ್ದರು. ಮರುದಿನ ಅದೇ ಸಾಲು, ತಾರೀಖಿನ ಜೊತೆ, ಬೋರ್ಡಿನ ಎಡ ಮೂಲೆಗೆ ಬಂತು: 'ಹಾಲಿನ ಡೈರಿ ಚೀಟಿಯ ಎರಡು ಫ್ಯಾಟ್ ಅಂಕಿಗಳಲ್ಲಿ ಯಾವುದು ದೊಡ್ಡದು ಎಂದು ನಾನು ಹೇಳಬಲ್ಲೆ.' ಎಲ್ಲರಿಗೂ ಬರುವ ತನಕ ಅದನ್ನು ಮುಟ್ಟುವಂತಿಲ್ಲ. ಕೊನೆಗೆ ಕಲಿತ ಮಗುವೇ ಒದ್ದೆ ಬಟ್ಟೆಯಿಂದ ಅಳಿಸಬೇಕು. ಆ ಗೌರವ ಸಿಗದೆ ಜಾಣ ಮಕ್ಕಳು ಮುಖ ಊದಿಸಿಕೊಳ್ಳುತ್ತಿದ್ದರು.

ಈ ಸಾಲು ಮಾತ್ರ ದಿನಗಟ್ಟಲೆ ನಿಂತುಬಿಟ್ಟಿತು. ಒಬ್ಬ ಹುಡುಗಿಗೆ 3.5ಕ್ಕಿಂತ 3.45 ದೊಡ್ಡದಾಗಿಯೇ ಕಾಣುತ್ತಿತ್ತು. ಐದಕ್ಕಿಂತ ನಲವತ್ತೈದು ದೊಡ್ಡದಲ್ಲವೇ? ಅಷ್ಟರಲ್ಲಿ ಶಾಲೆ ತಪಾಸಣೆಗೆ ಅಧಿಕಾರಿ ಬರುವ ಸುದ್ದಿ. ಪಾಠ ಮುಗಿಸುವುದಿಲ್ಲವೆಂದು ಮೇಡಂ ಮೇಲೆ ಆಗಲೇ ದೂರಿತ್ತು. ಇನ್ನೊಂದು ಬಿದ್ದರೆ ಸಾತನೂರಿನ ಆಚೆ ಎಲ್ಲಿಗೋ ಎತ್ತಂಗಡಿ. ಮನೆಯಲ್ಲಿ ನೋಡಿದರೆ ಲಕ್ವ ಹೊಡೆದು ಹಾಸಿಗೆ ಹಿಡಿದ ಗಂಡ. ಜೀಪಿನ ಸದ್ದು ಕೇಳಿದ್ದೇ ನಾನು ಬಟ್ಟೆ ಹಿಡಿದು ಬೋರ್ಡಿಗೆ ಓಡಿದೆ. ಮೇಡಂ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಇಬ್ಬರ ಸೀರೆಗೂ ನೀರು ಚಿಮ್ಮಿತು.

ಅಧಿಕಾರಿ ಸಾಲು ಓದಿ, ತಾರೀಖು ನೋಡಿದರು. "ಇನ್ನೂ ಇದೇ ಪಾಠನಾ?"

ಮೇಡಂ ಬಾಯಿ ತೆರೆಯುವ ಮೊದಲೇ ಆ ಹುಡುಗಿ ಎದ್ದು ನಿಂತಳು. "ನಂಗಿನ್ನೂ ಬಂದಿಲ್ಲ ಸಾ. ಅದ್ಕೇ ಅಳ್ಸಿಲ್ಲ."

ಅಧಿಕಾರಿ ಯಾವ ಅಂಕಿ ತೊಡಕೆಂದು ಅವಳನ್ನೇ ಕೇಳಿ, ಬೋರ್ಡಿನ ಮೇಲೆ ಆ ಎರಡನ್ನೂ ಬರೆದು ದೊಡ್ಡದನ್ನು ತೋರಿಸು ಎಂದರು. ಅವಳು ಬೋರ್ಡಿನ ಹತ್ತಿರ ಹೋಗಿ ಬೆರಳೆತ್ತಿದಳು. ನಾನು ಮೇಡಂ ಮುಖ ನೋಡಿದೆ. ಅವರು ಕಣ್ಸನ್ನೆ ಕೂಡ ಮಾಡಲಿಲ್ಲ. ಮಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಸಿಟ್ಟೇ ಬಂತು. ಬೆರಳು 3.45ರ ಮೇಲೆ ನಿಂತಿತು...

ಎತ್ತಂಗಡಿ ಆಯಿತು. ಬಸ್ ಹತ್ತುವಾಗ ಮೇಡಂ, "ಅವಳ್ಗೆ ಬಂದ್ರೆ ಒಂದ್ ಫೋನ್ ಮಾಡು" ಎಂದರು, ಅಷ್ಟೇ. ನಾನು ಗೆರೆ ಎಳೆಸಿದೆ, ಹತ್ತು ಪಾಲು ಮಾಡಿಸಿದೆ, ಪ್ರತಿ ಪಾಲನ್ನೂ ಮತ್ತೆ ಹತ್ತು ಮಾಡಿಸಿದೆ. ಒಂದು ಮಧ್ಯಾಹ್ನ ಹುಡುಗಿ 3.5ರ ಮುಂದೆ ತಾನೇ ಸೊನ್ನೆ ಬರೆದು, "ಮಿಸ್, ಇದು ಐವತ್ತು ಕಣ್ ಮಿಸ್!" ಎಂದು ಕಿರುಚಿದಳು.

ಫೋನ್ ಮಾಡಿದೆ. "ಯಾರು ಅಳಿಸಿದ್ರಮ್ಮ?" ಎಂದು ಕೇಳಿದರು. ಅವಳೇ ಎಂದೆ. ಅವರು ಅದನ್ನು ಗಂಡನಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು.

ಅಲ್ಲಿಂದ ಅದು ರೂಢಿಯಾಯಿತು. ಮಾಗಡಿ ಕಡೆ ನನ್ನ ಕೆಲಸ ಕಾಯಂ ಆದ ಮೇಲೂ, ನನ್ನ ಬೋರ್ಡಿನಲ್ಲಿ ಹಠ ಹಿಡಿದ ಸಾಲೊಂದು ಅಳಿದಾಗಲೆಲ್ಲ ಅವರಿಗೆ ಫೋನ್. ಅದೇ ಪ್ರಶ್ನೆ. ಗಂಡನಿಗೂ ಕೇಳಲೆಂದು ಅವರು ಸ್ಪೀಕರ್ ಹಾಕಿರುತ್ತಿದ್ದರು.

ಈ ಬೇಸಿಗೆಯಲ್ಲಿ ಮೇಡಂ ತೀರಿಕೊಂಡರು.

ಇವತ್ತು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒದ್ದೆ ಬಟ್ಟೆಯಿಂದ ನೀರು ಸುರಿಸುತ್ತಾ ಬಂದು ಸಾಲು ಅಳಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಕೈ ತಾನಾಗಿ ಅವರ ನಂಬರು ಒತ್ತಿಬಿಟ್ಟಿತು. ತಪ್ಪಿನ ಅರಿವಾಗಿ ಕತ್ತರಿಸುವಷ್ಟರಲ್ಲಿ ಯಾರೋ ಎತ್ತಿಕೊಂಡರು. ಗಂಡಸಿನ ದನಿ, ತೊದಲುತ್ತಿತ್ತು.

"ಯಾರು ಅಳಿಸಿದ್ರಮ್ಮ?"